ಅಂಪೈರ್ ಮೊದಲು, ತಂಡ ಆಮೇಲೆ: ಸ್ವಯಂಸೇವಕರೇ ನಡೆಸುವ ಒಳಾಂಗಣ ಕ್ರಿಕೆಟ್ ಲೀಗ್ ಬೆಳೆಸುವ ಬಗೆ

ಒಳಾಂಗಣ ಕ್ರಿಕೆಟ್ ಲೀಗಿಗೆ ತಂಡಗಳ ಬರ ಬರುವುದು ಕಡಿಮೆ. ಎಂಟು ಜನ ಸಾಕು, ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಒಂದೂಕಾಲು ಗಂಟೆಯಲ್ಲಿ ಪಂದ್ಯ ಮುಗಿಯುತ್ತದೆ, ಎಲ್ಲರಿಗೂ ಬ್ಯಾಟಿಂಗ್, ಎಲ್ಲರಿಗೂ ಬೌಲಿಂಗ್. ಇಷ್ಟು ಹೇಳಿದರೆ ಜನ ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ಬರ ಇರುವುದು ಅಂಪೈರ್ ಆಗಿ ನಿಲ್ಲುವವರಿಗೆ, ಸ್ಕೋರ್ ಬರೆಯುವವರಿಗೆ, ದುಡ್ಡಿನ ಲೆಕ್ಕ ಇಡುವವರಿಗೆ. ಬಂದ ತಂಡಗಳನ್ನೆಲ್ಲ ಸೇರಿಸಿಕೊಂಡು, ಕೆಲಸವನ್ನೆಲ್ಲ ಮೂರೇ ಜನರ ಹೆಗಲಿಗೆ ಹಾಕಿದ ಲೀಗ್ ಎರಡನೇ ಸೀಸನ್ನಿನ ನಡುವೆ ಕುಸಿಯುತ್ತದೆ. ಆಗ ಕುಸಿಯುವುದು ಆಟವಲ್ಲ, ಆ ಮೂರು ಜನ.

ಹಾಗಾಗಿ ಈ ಬರಹದುದ್ದಕ್ಕೂ ಒಂದೇ ಪಟ್ಟು: ತರಬೇತಾದ ಇಬ್ಬರು ಅಂಪೈರ್‌ಗಳನ್ನು ಕೊಡದ ಹೊಸ ತಂಡಕ್ಕೆ ಜಾಗವಿಲ್ಲ. ಉಳಿದ ಲೆಕ್ಕಗಳೆಲ್ಲ ಇದರ ಸುತ್ತಲೇ ಬರುತ್ತವೆ.

ಆರು ತಂಡವೇ ಏಕೆ

ಪೂರ್ಣ ಪ್ರಮಾಣದ ಪಂದ್ಯದಲ್ಲಿ ತಂಡಕ್ಕೆ ಎಂಟು ಆಟಗಾರರು, ಇನಿಂಗ್ಸಿಗೆ 16 ಓವರು. ಪ್ರತಿಯೊಬ್ಬರೂ ಎರಡು ಓವರ್ ಹಾಕಬೇಕು. ಬ್ಯಾಟಿಂಗ್ ನಾಲ್ಕು ಜೋಡಿಗಳಲ್ಲಿ, ಜೋಡಿಗೆ ನಾಲ್ಕು ಓವರು. ಇನಿಂಗ್ಸಿಗೆ 96 ಎಸೆತ. ಅದನ್ನು 35 ನಿಮಿಷದಲ್ಲಿ ಮುಗಿಸಬೇಕಾದರೆ ಎಸೆತಕ್ಕೆ ಸಿಗುವುದು ಸುಮಾರು 22 ಸೆಕೆಂಡು. ಎರಡು ಇನಿಂಗ್ಸ್, ನಡುವಿನ ಬದಲಾವಣೆ ಸೇರಿ 75 ನಿಮಿಷ. ಮುಂದಿನ ಪಂದ್ಯಕ್ಕೆ ಕೋರ್ಟ್ ಬಿಡಲು ಇನ್ನೈದು. ಅಂದರೆ ಪಂದ್ಯಕ್ಕೆ 80 ನಿಮಿಷ, ನಾಲ್ಕು ಗಂಟೆಯ ಒಂದು ಸಂಜೆಗೆ ಸರಿಯಾಗಿ ಮೂರು ಪಂದ್ಯ, ಆರು ತಂಡ.

ಏಳನೆಯ ತಂಡವನ್ನೂ ಇದೇ ಸಂಜೆಗೆ ಸೇರಿಸಬಹುದು. ಪ್ರತಿ ವಾರ ಒಂದು ತಂಡಕ್ಕೆ ಬಿಡುವು ಸಿಗುತ್ತದೆ, ಆ ತಂಡ ಅಂದಿನ ಅಂಪೈರಿಂಗ್ ಹೊರುತ್ತದೆ. ಎಂಟು ಮಾತ್ರ ಎಡವಟ್ಟಿನ ಸಂಖ್ಯೆ. ನಾಲ್ಕು ಪಂದ್ಯಕ್ಕೆ ಐದು ಗಂಟೆ 20 ನಿಮಿಷ ಬೇಕು. ಕೊನೆಯ ಪಂದ್ಯ ಮುಗಿಯುವಷ್ಟರಲ್ಲಿ ಅರ್ಧ ರಾತ್ರಿ, ಬೀಗ ಹಾಕಲು ಒಬ್ಬರು ಕಾಯಬೇಕು. ಆದ್ದರಿಂದ ಆರರಿಂದ ಏಳಕ್ಕೆ ಹೋಗಿ, ಅಲ್ಲಿಂದ ಹನ್ನೆರಡಕ್ಕೆ ಜಿಗಿಯಿರಿ. ಹನ್ನೆರಡು ಎಂದರೆ ಇನ್ನೊಂದು ಸಂಜೆ, ಇನ್ನೊಂದು ಆರು ತಂಡಗಳ ಗುಂಪು. ಚೆನ್ನಾಗಿ ನಡೆಯುತ್ತಿರುವ ಒಂದು ಸಂಜೆಯನ್ನು ಹಾಗೇ ಇನ್ನೊಂದು ದಿನಕ್ಕೆ ನಕಲು ಮಾಡುವುದು ಸುಲಭ. ಅದೇ ಸಂಜೆಯನ್ನು ಎಳೆದು ಉದ್ದ ಮಾಡಲು ಹೋದರೆ ಎಲ್ಲೋ ಹರಿಯುತ್ತದೆ. ನಡುವೆ ಬಂದ ಎಂಟನೇ, ಒಂಬತ್ತನೇ ತಂಡಗಳ ಆಟಗಾರರನ್ನು ಬದಲಿ ಆಟಗಾರರ ಪಟ್ಟಿಯಲ್ಲಿಡಿ. ಆ ಪಟ್ಟಿಯ ವಿಚಾರ ಮುಂದೆ ಬರುತ್ತದೆ.

ಆರು ತಂಡ ಪರಸ್ಪರ ಎರಡೆರಡು ಸಲ ಆಡಿದರೆ 30 ಪಂದ್ಯ, ಹತ್ತು ಸಂಜೆ. ವೇಳಾಪಟ್ಟಿ ಮಾಡಲು ಹಳೆಯ ಚಕ್ರದ ಉಪಾಯ ಸಾಕು: ಒಂದನೇ ತಂಡವನ್ನು ಕದಲಿಸಬೇಡಿ, ಉಳಿದವನ್ನು ವಾರಕ್ಕೊಂದು ಮನೆ ಸರಿಸಿ. ಮೊದಲ ವಾರ 1–6, 2–5, 3–4. ಎರಡನೇ ವಾರ 1–5, 6–4, 2–3. ಮೂರನೇ ವಾರ 1–4, 5–3, 6–2. ಐದು ವಾರದಲ್ಲಿ ಎಲ್ಲರೂ ಎಲ್ಲರೊಡನೆ ಆಡಿರುತ್ತಾರೆ. ಚಕ್ರ ಎದುರಾಳಿಯನ್ನು ಮಾತ್ರ ಗೊತ್ತುಮಾಡುತ್ತದೆ, ಹೊತ್ತನ್ನಲ್ಲ. ಯಾವ ತಂಡಕ್ಕೆ ಎಷ್ಟು ಸಲ ಕೊನೆಯ ಪಂದ್ಯ ಬಂತೆಂದು ಬೇರೆಯಾಗಿ ಎಣಿಸಿ, ಹತ್ತು ವಾರದಲ್ಲಿ ಮೂರೋ ನಾಲ್ಕೋ ಸಲ ಆಗುವಂತೆ ಹಂಚಿ. ಇದನ್ನು ಮರೆತರೆ ಯಾವುದೋ ಒಂದು ತಂಡಕ್ಕೆ ಸತತ ಐದು ವಾರ ತಡರಾತ್ರಿಯ ಪಂದ್ಯ ಬಿದ್ದಿರುತ್ತದೆ, ಮುಂದಿನ ಸೀಸನ್ನಿಗೆ ಆ ತಂಡ ಇರುವುದಿಲ್ಲ.

ಹನ್ನೊಂದನೇ ಸಂಜೆ ಫೈನಲ್. ನಾಲ್ಕು ತಂಡಗಳ ಸೆಮಿಫೈನಲ್ ಇಟ್ಟರೆ ಎರಡನೇ ಸೆಮಿ ಗೆದ್ದವರು ಬೆವರು ಒರೆಸಿಕೊಳ್ಳುವ ಮುನ್ನ ಫೈನಲ್ ಆಡಬೇಕು, ಇನ್ನೆರಡು ತಂಡಗಳು ಮನೆಯಲ್ಲಿರುತ್ತವೆ. ಅದರ ಬದಲು ಒಂದು–ಎರಡನೇ ಸ್ಥಾನದವರು ಕಪ್ಪಿಗೆ, ಮೂರು–ನಾಲ್ಕು ಮೂರನೇ ಸ್ಥಾನಕ್ಕೆ, ಐದು–ಆರು ಐದನೇ ಸ್ಥಾನಕ್ಕೆ ಆಡಲಿ. ಅದೇ ಮೂರು ಪಂದ್ಯ, ಆದರೆ ಆರೂ ತಂಡ ಬರುತ್ತವೆ. ಮುಂದಿನ ಸೀಸನ್ನಿನ ಹೆಸರು ನೋಂದಾಯಿಸಲು ಇದಕ್ಕಿಂತ ಒಳ್ಳೆಯ ಸಂಜೆ ಸಿಗದು.

ಹಾಲ್ ನೋಡುವಾಗ

ಟೇಪ್ ಹಿಡಿದುಕೊಂಡೇ ಹೋಗಿ. ಪಿಚ್ಚಿನ ಉದ್ದ ಹೊರಗಿನ ಕ್ರಿಕೆಟ್‌ನಷ್ಟೇ, 20.12 ಮೀಟರು. ಕೀಪರ್ ಹಿಂದೆ ಮೂರು ಮೀಟರು, ಬೌಲರ್ ಓಟಕ್ಕೆ ಕನಿಷ್ಠ ಐದು ಮೀಟರು ಸೇರಿದರೆ 28 ಆಯಿತು. 28ರಿಂದ 30 ಮೀಟರ್ ಉದ್ದ, 10ರಿಂದ 12 ಮೀಟರ್ ಅಗಲ, ನಾಲ್ಕು ಮೀಟರಿಗೆ ಕಡಿಮೆಯಿಲ್ಲದ ಎತ್ತರ ಇರಬೇಕು. ಓಟದ ದೂರ ಮಾತ್ರ ಪೂರ್ತಿ ಪಿಚ್ಚಿನದಲ್ಲ, ಸುಮಾರು 11 ಮೀಟರು. ಬೌಲರ್ ತುದಿಯ ಬ್ಯಾಟರ್ ಮಧ್ಯದ ಗೆರೆಯಿಂದ ಓಡುತ್ತಾರೆ.

ಕೋರ್ಟಿನ ಸುತ್ತ ಕಟ್ಟಿದ ನೆಟ್ ಗೋಡೆಗೆ ಅಂಟಿಕೊಂಡಿರಬಾರದು. ಕೈಯಿಂದ ಒತ್ತಿದಾಗ ಗೋಡೆ ತಾಕಿತೆಂದರೆ ಚೆಂಡು ಗೋಡೆಗೇ ಬಡಿದು ಬಿರುಸಾಗಿ ವಾಪಸಾಗುತ್ತದೆ, ಓಡಿಬರುವ ಫೀಲ್ಡರ್‌ನ ಭುಜವೂ ಗೋಡೆಗೇ ಬಡಿಯುತ್ತದೆ. ಅರ್ಧ ಮೀಟರ್ ಅಂತರವಾದರೂ ಬೇಕು. ನೆಲದ ಅಂಚಿನಲ್ಲಿ ನೆಟ್ ಎದ್ದಿದ್ದರೆ ಪ್ರತಿ ಓವರಿಗೂ ಚೆಂಡು ಹೊರಗೆ ಹೋಗುತ್ತದೆ, ನಿಮ್ಮ 22 ಸೆಕೆಂಡು ಅಲ್ಲೇ ಸೋರಿಹೋಗುತ್ತದೆ. ಅಂಚಿನ ಹಗ್ಗವನ್ನು ಮೀಟರಿಗೊಂದು ಕೊಕ್ಕೆ ಹಾಕಿ ಬಿಗಿಯಿರಿ. ಲೈಟುಗಳಿಗೆ ಜಾಲರಿ ಇದೆಯೇ, ಬ್ಯಾಟರ್ ಕಣ್ಣಿಗೆ ನೇರ ಬೆಳಕು ಬೀಳುತ್ತದೆಯೇ ಎಂದು ಸಂಜೆಯ ಹೊತ್ತಿನಲ್ಲೇ ನೋಡಿ. ಹಗಲು ನೋಡಿಬಂದರೆ ಏನೂ ತಿಳಿಯದು. ಮರದ ನೆಲದ ಮೇಲೆ ಮ್ಯಾಟ್ ಹಾಸುವುದಾದರೆ ನಾಲ್ಕೂ ಅಂಚಿಗೆ ಅಗಲವಾದ ಟೇಪ್ ಅಂಟಿಸಿ. ಮ್ಯಾಟಿನ ಎದ್ದ ತುದಿಗೆ ಎಡವಿ ಬೀಳುವುದು ಬಾಡಿಗೆ ಹಾಲ್‌ಗಳಲ್ಲಿ ತೀರ ಸಾಮಾನ್ಯ.

ಬಾಡಿಗೆ ಪತ್ರದಲ್ಲಿ ಎರಡು ವಿಷಯ ಬರೆಸಿಕೊಳ್ಳಿ: ಲೈಟೋ ಗಾಜೋ ಒಡೆದರೆ ಖರ್ಚು ಯಾರದು, ಹಾಲ್‌ನವರೇ ಸಂಜೆ ರದ್ದು ಮಾಡಿದರೆ ಎಷ್ಟು ದಿನ ಮೊದಲು ತಿಳಿಸಬೇಕು. ಬಾಯಿಮಾತು ಇಲ್ಲಿ ಸಾಲದು.

ನಿಯಮ, ಮತ್ತು ಜಗಳ ಹುಟ್ಟುವ ಜಾಗಗಳು

ನೆಟ್ಟಿಗೆ ಬಡಿದರೆ ಬೋನಸ್ ರನ್. ಕೀಪರ್ ಹಿಂದಿನ ನೆಟ್ಟಿಗೆ ಏನೂ ಇಲ್ಲ. ಪಕ್ಕದ ನೆಟ್ಟಿನಲ್ಲಿ ಬ್ಯಾಟರ್ ಕಡೆಯ ಅರ್ಧಕ್ಕೆ 1, ಬೌಲರ್ ಕಡೆಯ ಅರ್ಧಕ್ಕೆ 2. ಬೌಲರ್ ಹಿಂದಿನ ನೆಟ್ಟಿಗೆ ನೆಲ ತಾಕಿ ಹೋದರೆ 4, ನೇರ ಹೋದರೆ 6. ಬೋನಸ್ ಸಿಗಬೇಕಾದರೆ ಒಂದು ರನ್ನಾದರೂ ಓಡಿ ಪೂರೈಸಿರಬೇಕು, ಓಡಿದ್ದೂ ಸೇರುತ್ತದೆ. ಬೌಲರ್ ಹಿಂದಿನ ನೆಟ್ಟಿಗೆ ನೇರ ಬಾರಿಸಿ ಒಂದು ಓಡಿದರೆ 7. ಔಟಾದರೆ ಬ್ಯಾಟರ್ ಹೊರಗೆ ಹೋಗುವುದಿಲ್ಲ, ಮೊತ್ತದಿಂದ 5 ರನ್ ಕಳೆಯುತ್ತದೆ. ಹೊರಗಿನ ಕ್ರಿಕೆಟ್ಟಿನಿಂದ ಬಂದವರು ಮೊದಲ ವಾರ ತಲೆಯಾಡಿಸಿ, ಎರಡನೇ ವಾರ ಬೀಸಿಬೀಸಿ ಔಟಾಗಿ, ಮೂರನೇ ವಾರಕ್ಕೆ ಈ ಐದರ ಬೆಲೆ ಕಲಿಯುತ್ತಾರೆ. ಜೋಡಿಯೊಂದು ಮೈನಸ್ ಲೆಕ್ಕದಲ್ಲಿ ಹೊರಬರುವುದು ಇಲ್ಲಿ ದಿನನಿತ್ಯದ ಮಾತು.

ಪಕ್ಕದ ನೆಟ್ಟಿಗೆ ತಾಕಿ ನೆಲ ಮುಟ್ಟದೆ ಬಂದ ಚೆಂಡು ಹಿಡಿದರೆ ಕ್ಯಾಚ್, ಔಟು. ಬೌಲರ್ ತುದಿಯ ಬ್ಯಾಟರ್ ಮುಂಚೆಯೇ ಗೆರೆ ಬಿಟ್ಟರೆ ಬೌಲರ್ ರನ್ ಔಟ್ ಮಾಡಬಹುದು. ಒಳಾಂಗಣದಲ್ಲಿ ಅದರಲ್ಲಿ ಸಣ್ಣತನವೇನೂ ಇಲ್ಲ. ಇವೆರಡನ್ನೂ ಹೊಸಬರಿಗೆ ಟಾಸ್‌ಗೆ ಮುಂಚೆಯೇ ಹೇಳಿಬಿಡಿ. ಆಟದ ನಡುವೆ ಮೊದಲ ಸಲ ಕೇಳಿದವರಿಗೆ ಅದು ಮೋಸದಂತೆ ಕಾಣುತ್ತದೆ.

ಸತತ ಎರಡು ಎಸೆತಕ್ಕೆ ಸ್ಕೋರ್ ಕದಲದಿದ್ದರೆ ಮೂರನೇ ಎಸೆತದಲ್ಲಿ ಕದಲಲೇಬೇಕು, ಇಲ್ಲದಿದ್ದರೆ ಸ್ಟ್ರೈಕಿನಲ್ಲಿರುವವರು ಔಟ್. ಎರಡನೇ ಖಾಲಿ ಎಸೆತ ಆದೊಡನೆ ಸ್ಕೋರರ್ ‘ಮೂರನೆಯದು’ ಎಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ಕೂಗದಿದ್ದರೆ ಔಟ್ ಕೊಡಬೇಡಿ. ಇದನ್ನೂ ನಿಯಮ ಪುಸ್ತಕದಲ್ಲಿ ಬರೆದುಬಿಡಿ. ಹೊಸಬರ ವಿಭಾಗಕ್ಕೆ ಮೊದಲ ಸೀಸನ್ ಈ ನಿಯಮವೇ ಬೇಡ.

ವೈಡ್, ನೋಬಾಲ್‌ಗೆ ಎರಡು ರನ್ ಕೊಟ್ಟು ಮುಂದೆ ಸಾಗಿ, ಮತ್ತೆ ಎಸೆಸಬೇಡಿ. ಹೊಸ ತಂಡ ಇನಿಂಗ್ಸಿನಲ್ಲಿ 15 ವೈಡ್ ಹಾಕುವುದು ದೊಡ್ಡ ಮಾತಲ್ಲ. ಅವನ್ನೆಲ್ಲ ಮತ್ತೆ ಎಸೆಸಿದರೆ ಇನಿಂಗ್ಸಿಗೆ ಐದೂವರೆ ನಿಮಿಷ, ಪಂದ್ಯಕ್ಕೆ 11, ಸಂಜೆಗೆ ಅರ್ಧ ಗಂಟೆಯ ಮೇಲೆ. ಕೊನೆಯ ಪಂದ್ಯ ಮೊಟಕಾಗುವುದು ಹೀಗೆಯೇ. ಇನಿಂಗ್ಸಿನ ಕೊನೆಯ ಓವರಿನಲ್ಲಿ ಮಾತ್ರ ಮತ್ತೆ ಎಸೆಸಿ. ಇಲ್ಲವಾದರೆ ಕೊನೆಯ ಎಸೆತಕ್ಕೆ ನಾಲ್ಕು ರನ್ ಬೇಕಿರುವಾಗ ಬುದ್ಧಿವಂತ ಬೌಲರ್ ಬೇಕೆಂದೇ ವೈಡ್ ಹಾಕಿ ಎರಡು ಕೊಟ್ಟು ಗೆದ್ದುಬಿಡುತ್ತಾರೆ.

ಏಳೇ ಜನ ಬಂದರೆ? ಯಾರು ಎರಡನೇ ಸಲ ಬ್ಯಾಟ್ ಮಾಡಬೇಕು, ಉಳಿದ ಎರಡು ಓವರ್ ಯಾರು ಹಾಕಬೇಕು ಎಂಬುದನ್ನು ಎದುರು ತಂಡದ ನಾಯಕ ಆರಿಸಲಿ. ಕಡಿಮೆ ಜನ ಬಂದವರಿಗೆ ಲಾಭವಾಗದು, ಪಂದ್ಯವೂ ನಿಲ್ಲದು. ಆರಕ್ಕಿಂತ ಕಡಿಮೆಯಾದರೆ ಪಂದ್ಯ ಬಿಟ್ಟುಕೊಟ್ಟಂತೆ, ಆದರೂ ಇದ್ದವರು ಸೇರಿ ಆಡಿ ಹೋಗಲಿ.

ಅಂಕ ಹಂಚುವ ರೀತಿ ಲೀಗಿನ ಬಾಳಿಕೆಗೆ ನೇರ ಸಂಬಂಧಪಟ್ಟದ್ದು. ಒಟ್ಟು ಮೊತ್ತದಲ್ಲಿ ಗೆದ್ದವರಿಗೆ 3 ಅಂಕ. ಜತೆಗೆ ಒಂದನೇ ಜೋಡಿಗೆ ಎದುರಾಳಿಯ ಒಂದನೇ ಜೋಡಿ, ಎರಡಕ್ಕೆ ಎರಡು, ಹೀಗೆ ಹೋಲಿಸಿ ಹೆಚ್ಚು ರನ್ ಮಾಡಿದ ಜೋಡಿಗೆ ತಲಾ 1. ಇದಕ್ಕೆ ಸ್ಕಿನ್ ಎನ್ನುತ್ತಾರೆ. ಪಂದ್ಯಕ್ಕೆ ಒಟ್ಟು 7 ಅಂಕ. ಎಂಬತ್ತು ರನ್ನಿನಿಂದ ಸೋಲುತ್ತಿರುವ ತಂಡದ ಕೊನೆಯ ಜೋಡಿಗೂ ಗೆಲ್ಲಲು ಒಂದು ಅಂಕ ಇರುತ್ತದೆ. ಬರೀ ಗೆಲುವು–ಸೋಲಿನ ಪಟ್ಟಿ ಇಟ್ಟರೆ ಕೊನೆಯ ತಂಡ ಆರನೇ ವಾರಕ್ಕೆ ಬರುವುದನ್ನೇ ಬಿಡುತ್ತದೆ.

ಅಂಪೈರ್ ತಯಾರಿ

ಮೂರು ಮೆಟ್ಟಿಲು ಸಾಕು. ಮೊದಲು ಎರಡು ಪಂದ್ಯಕ್ಕೆ ಸ್ಕೋರ್ ಬರೆಯಲಿ. ನಿಯಮ ಮೈಗೂಡುವುದು ಬರೆಯುವಾಗಲೇ, ಓದುವಾಗಲ್ಲ. ಆಮೇಲೆ ಅನುಭವಿ ಅಂಪೈರ್ ಪಕ್ಕ ನಿಂತು ಒಂದು ಇನಿಂಗ್ಸ್ ತೀರ್ಪು ಕೊಡಲಿ, ಅನುಭವಿ ಬಾಯಿ ಮುಚ್ಚಿಕೊಂಡಿರಲಿ. ಕೊನೆಗೆ ಒಂದು ಪೂರ್ತಿ ಪಂದ್ಯ, ಅದೂ ಪಟ್ಟಿಯ ತಳದ ಎರಡು ತಂಡಗಳದ್ದು. ಮೂರು ನಾಲ್ಕು ವಾರದಲ್ಲಿ ಒಬ್ಬರು ತಯಾರು.

ನಿಲ್ಲುವ ಜಾಗ ಬ್ಯಾಟರ್ ತುದಿಯ ನೆಟ್ಟಿನ ಹೊರಗೆ, ಸ್ವಲ್ಪ ಎತ್ತರದಲ್ಲಿ. ಅಲುಗಾಡದ ಕಟ್ಟೆಯೋ ವೇದಿಕೆಯೋ ಇರಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಲ್ಲಿಸಬೇಡಿ. ಪ್ರತಿ ಎಸೆತದ ನಂತರ ಅಂಪೈರ್ ರನ್ ಕೂಗಬೇಕು, ಸ್ಕೋರರ್ ಅದನ್ನೇ ತಿರುಗಿ ಹೇಳಬೇಕು: ‘ಎರಡು ಮತ್ತೊಂದು, ಮೂರು’. ಸ್ಕೋರ್ ತಪ್ಪುಗಳಲ್ಲಿ ಹೆಚ್ಚಿನವು ಔಟಿನ ಐದು ಕಳೆಯಲು ಮರೆತದ್ದು, ಇಲ್ಲವೇ ಮೈನಸ್‌ನಿಂದ ಮೇಲೆ ಬರುವಾಗ ಕೂಡಿಸಿದ್ದು ತಪ್ಪಿದ್ದು. ಇತರೆ ರನ್ನುಗಳನ್ನೂ ಸ್ಟ್ರೈಕಿನಲ್ಲಿದ್ದವರ ಹೆಸರಿಗೇ ಬರೆದರೆ ಎಂಟು ಬ್ಯಾಟರ್‌ಗಳ ಮೊತ್ತವೂ ಎಂಟು ಬೌಲರ್‌ಗಳ ಮೊತ್ತವೂ ತಾಳೆಯಾಗಬೇಕು. ಜೋಡಿ ಬದಲಾಗುವಾಗ, ನಾಲ್ಕು ಓವರಿಗೊಮ್ಮೆ, ಈ ತಾಳೆ ನೋಡಿಬಿಡಿ. ಪಂದ್ಯ ಮುಗಿದ ಮೇಲೆ ತಪ್ಪು ಹುಡುಕುವುದು ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಸರದಿ ಹೀಗಿರಲಿ: ಮೊದಲ ಪಂದ್ಯ ಆಡಿದವರಲ್ಲಿ ಒಂದು ತಂಡ ಉಳಿದು ಎರಡನೆಯದಕ್ಕೆ ಇಬ್ಬರನ್ನು ಕೊಡಬೇಕು, ಎರಡನೆಯದನ್ನು ಆಡಿದವರು ಮೂರನೆಯದಕ್ಕೆ, ಮೂರನೆಯದನ್ನು ಆಡುವವರು ಬೇಗ ಬಂದು ಮೊದಲನೆಯದಕ್ಕೆ. ಹೆಸರುಗಳು ವೇಳಾಪಟ್ಟಿಯಲ್ಲೇ ಅಚ್ಚಾಗಿರಲಿ. ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಬರದಿದ್ದ ತಂಡಕ್ಕೆ ದಂಡ ಹಾಕುವುದಕ್ಕಿಂತ 1 ಅಂಕ ಕಳೆಯುವುದು ಹೆಚ್ಚು ನಾಟುತ್ತದೆ.

ಅಂಪೈರ್‌ಗೆ ಬೈದವರ ವಿಷಯದಲ್ಲಿ ಮೆತ್ತಗಾಗಬೇಡಿ. ಮೊದಲ ಸಲ ಎಚ್ಚರಿಕೆ ಮತ್ತು 5 ರನ್ ದಂಡ, ಎರಡನೇ ಸಲ ಆ ಪಂದ್ಯದಿಂದ ಹೊರಗೆ ಮತ್ತು ಮುಂದಿನ ಪಂದ್ಯವೂ ಇಲ್ಲ. ಸಂಬಳವಿಲ್ಲದೆ ನಿಂತವರು ಬೈಗುಳ ತಿಂದು ಮತ್ತೆ ಬರುವುದಿಲ್ಲ. ಒಳ್ಳೆಯ ಬ್ಯಾಟರ್ ಒಬ್ಬರು ಮುನಿಸಿಕೊಂಡು ಹೋದರೆ ಲೀಗಿಗೆ ಆಗುವ ನಷ್ಟ ಅಷ್ಟಕ್ಕಷ್ಟೆ, ಅಂಪೈರ್ ಒಬ್ಬರು ಹೋದರೆ ಒಂದು ಸಂಜೆಯೇ ಅಲುಗುತ್ತದೆ.

ದುಡ್ಡು

ಹನ್ನೊಂದು ಸಂಜೆ, ನಾಲ್ಕು ಗಂಟೆಯಂತೆ 44 ಗಂಟೆಯ ಬಾಡಿಗೆ. ಇದನ್ನು ಆರರಿಂದಲ್ಲ, ಐದರಿಂದ ಭಾಗಿಸಿ: ತಂಡಕ್ಕೆ 8.8 ಗಂಟೆಯ ಬಾಡಿಗೆ. ಒಂದು ತಂಡ ಕೈಕೊಟ್ಟರೂ ಬಾಡಿಗೆ ಕಟ್ಟಬಹುದು. ಯಾರೂ ಕೈಕೊಡದಿದ್ದರೆ ಮುಂದಿನ ಸೀಸನ್ನಿಗೆ ಎರಡು ಸಂಜೆಗೂ ಮಿಕ್ಕ ಹಣ ಉಳಿದಿರುತ್ತದೆ. ಇದರ ಮೇಲೆ ಚೆಂಡು, ವಿಮೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಖರ್ಚು ಹಂಚಿ. ಎರಡು ಪಂದ್ಯಕ್ಕೊಂದು ಚೆಂಡಿನಂತೆ 33 ಪಂದ್ಯಕ್ಕೆ 17, ಕೈಯಲ್ಲಿ 3. ಇಪ್ಪತ್ತು ಒಟ್ಟಿಗೆ ತನ್ನಿ. ಒಳಾಂಗಣದ ಹಳದಿ ಚೆಂಡು ಹೊರಗಿನ ಚೆಂಡಿಗಿಂತ ಮೆತ್ತಗಿನದು, ಹೊಲಿಗೆ ಬಿಟ್ಟ ಮೇಲೆ ಪುಟಿತ ಸತ್ತುಹೋಗುತ್ತದೆ. ಬೇರೆ ಬೇರೆ ಕಂಪನಿಯ ಚೆಂಡು ಬೆರೆಸಿದರೆ ಪ್ರತಿ ವಾರ ಅದೇ ತಕರಾರು. ಮಿಕ್ಕ ಸಾಮಾನು ಕಡಿಮೆ: ತಾಕಿದರೆ ಬಿದ್ದು ತಾನೇ ಎದ್ದು ನಿಲ್ಲುವ ಸ್ಪ್ರಿಂಗ್ ಸ್ಟಂಪ್ ಎರಡು ಸೆಟ್, ಬೇರೆ ಬೇರೆ ಅಳತೆಯ ನಾಲ್ಕು ಬ್ಯಾಟು, ನಾಲ್ಕು ಜೊತೆ ಗ್ಲೌಸು. ಗಾರ್ಡ್ ಮಾತ್ರ ಪ್ರತಿಯೊಬ್ಬರೂ ತಮ್ಮದೇ ತರಲಿ.

ಅರ್ಧ ಶುಲ್ಕ ವೇಳಾಪಟ್ಟಿ ಹೊರಬೀಳುವ ಮೊದಲು, ಇನ್ನರ್ಧ ನಾಲ್ಕನೇ ವಾರದೊಳಗೆ. ಪಂದ್ಯದ ದಿನ ಬಾಗಿಲಲ್ಲಿ ನಿಂತು ವಸೂಲಿ ಮಾಡುವ ಪದ್ಧತಿ ಬೇಡ. ಬಾರದವರ ಪಾಲು ಬಂದವರ ಮೇಲೆ ಬೀಳುತ್ತದೆ, ಖಜಾಂಚಿಗೆ ಆಟವೇ ಸಿಗುವುದಿಲ್ಲ. ಖಾತೆಗೆ ಇಬ್ಬರ ಸಹಿ ಇರಲಿ, ತಿಂಗಳಿಗೊಮ್ಮೆ ಜಮಾಖರ್ಚನ್ನು ಎಲ್ಲ ನಾಯಕರಿಗೂ ಕಳಿಸಿ. ಯಾರೂ ಓದದಿದ್ದರೂ ಕಳಿಸಿ.

ಕೆಲಸ ಹಂಚಿಕೆ

ಹೊಣೆಗಳು ಐದು: ವೇಳಾಪಟ್ಟಿ–ಫಲಿತಾಂಶ, ಹಣ, ಹಾಲ್ ಮತ್ತು ಬೀಗದ ಕೈ, ಅಂಪೈರ್ ತರಬೇತಿ, ಸಾಮಾನು–ಪ್ರಥಮ ಚಿಕಿತ್ಸೆ. ಪ್ರತಿ ಹೊಣೆಗೂ ಒಬ್ಬರು, ಅವರ ಬೆನ್ನಿಗೊಬ್ಬರು. ಒಬ್ಬರಿಗೆ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಕೆಲಸ ಬೀಳುತ್ತಿದ್ದರೆ ಆ ಹೊಣೆಯನ್ನೇ ಎರಡು ಮಾಡಿ. ಎರಡು ಸೀಸನ್ ಆದ ಮೇಲೆ ಬೆನ್ನಿಗಿದ್ದವರು ಮುಂದೆ ಬರಲಿ. ಎಲ್ಲವೂ ಒಬ್ಬರ ಫೋನಿನಲ್ಲೇ ಇರುವ ಲೀಗ್ ಆ ಫೋನ್ ಕೆಟ್ಟ ದಿನ ನಿಲ್ಲುತ್ತದೆ. ಹಾಲ್‌ನವರ ಸಂಖ್ಯೆ, ಬೀಗದ ವಿವರ, ಆಟಗಾರರ ಪಟ್ಟಿ, ಶುಲ್ಕದ ಲೆಕ್ಕ ಹಂಚಿಕೊಂಡ ಕಡತದಲ್ಲಿರಲಿ.

ಸ್ವಯಂಸೇವಕರನ್ನು ಕೇಳುವಾಗ ‘ಸ್ವಲ್ಪ ಸಹಾಯ ಮಾಡ್ತೀರಾ’ ಎನ್ನಬೇಡಿ. ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ, ಯಾರೂ ಮಾಡುವುದಿಲ್ಲ. ‘ಹನ್ನೊಂದು ವಾರ, ಪಂದ್ಯದ ಮರುದಿನ ಮಧ್ಯಾಹ್ನದೊಳಗೆ ಮೂರು ಸ್ಕೋರ್ ಹಾಳೆ ನೋಡಿ ಅಂಕಪಟ್ಟಿ ಕಳಿಸಬೇಕು, 40 ನಿಮಿಷದ ಕೆಲಸ’ ಎನ್ನಿ. ಗಾಯವಾಗಿ ಆಡಲಾಗದೆ ಕೂತವರು, ಆಟಗಾರರ ಮನೆಯವರು ಇಂಥ ಕೆಲಸಕ್ಕೆ ಹೇಳಿಮಾಡಿಸಿದವರು.

ನಾಯಕರ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಮಾತ್ರ. ಬದಲಿ ಆಟಗಾರರಿಗೆ ಇನ್ನೊಂದು ಗುಂಪು: ತಂಡವಿಲ್ಲದೆ ಒಬ್ಬಂಟಿಯಾಗಿ ಬಂದವರು, ಎಂಟನೇ ತಂಡದವರು ಎಲ್ಲ ಇಲ್ಲಿ. ಜನ ಸಾಲದ ನಾಯಕ ಇಲ್ಲಿಂದಲೇ ಕರೆಯಬೇಕು, ಹೊರಗಿನಿಂದಲ್ಲ. ಇಪ್ಪತ್ತು ಹೆಸರು ಇದ್ದರೆ ಪಂದ್ಯ ರದ್ದಾಗುವುದು ಅಪರೂಪ. ಇದೇ ಪಟ್ಟಿ ಮುಂದಿನ ಹೊಸ ತಂಡಗಳ ಸಸಿಮಡಿ: ಮೂರು ತಿಂಗಳು ಅಲ್ಲಿ ಇಲ್ಲಿ ಆಡಿ ಪರಿಚಯವಾದ ಎಂಟು ಜನ ತಾವೇ ತಂಡ ಕಟ್ಟುತ್ತಾರೆ, ಅವರಲ್ಲಿ ಇಬ್ಬರಿಗೆ ಅಷ್ಟರಲ್ಲಿ ಅಂಪೈರಿಂಗ್ ಕಲಿಸಿರುತ್ತೀರಿ.

ಪೆಟ್ಟು

ಬೆರಳಿಗೆ ಬೀಳುವ ಪೆಟ್ಟೇ ಹೆಚ್ಚು. ಉಂಗುರ ಬಿಚ್ಚಿಸದೆ ಕೋರ್ಟಿಗೆ ಬಿಡಬೇಡಿ. ಕೀಲು ತಪ್ಪಿದ ಬೆರಳನ್ನು ಎಳೆದು ಕೂರಿಸುವ ಪಂಡಿತರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ, ಅವರನ್ನು ತಡೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ, ಪಕ್ಕದ ಬೆರಳು ಸೇರಿಸಿ ಸಡಿಲ ಕಟ್ಟು, ಆಸ್ಪತ್ರೆ. ಕಣ್ಣಿಗೆ ಚೆಂಡು ಬಡಿದರೆ ನೋವು ಕಡಿಮೆ ಎನಿಸಿದರೂ ಉಜ್ಜದೆ, ಒತ್ತದೆ ಅಂದೇ ವೈದ್ಯರಿಗೆ ತೋರಿಸಬೇಕು. ಗಾಜಿನ ಕನ್ನಡಕ ಬೇಡ, ಪಾಲಿಕಾರ್ಬೊನೇಟ್ ಲೆನ್ಸಿನದು ಇರಲಿ. ಇಬ್ಬರು ಡಿಕ್ಕಿಯಾಗಿ ತಲೆಗೆ ಪೆಟ್ಟಾಗಿ ಮಂಕಾದವರು ‘ನಾನು ಸರಿ ಇದ್ದೀನಿ’ ಎಂದರೂ ಅಂದು ಮತ್ತೆ ಆಡಬಾರದು. ತೀರ್ಮಾನ ಅವರದಲ್ಲ, ನಿಮ್ಮದು.

ಎರಡನೇ ಸಂಜೆ

ಎರಡನೇ ಗುಂಪು ಶುರುಮಾಡುವ ಮುನ್ನ ಎಣಿಸಿಕೊಳ್ಳಬೇಕಾದದ್ದು: ಆ ಸಂಜೆಗೇ ಬೇರೆ ಒಬ್ಬ ಮೇಲ್ವಿಚಾರಕರು, ಹನ್ನೆರಡು ಅಂಪೈರ್‌ಗಳು, ಹನ್ನೊಂದು ವಾರದ ಬುಕಿಂಗ್, ಕೈಯಲ್ಲಿ ಎರಡು ಸಂಜೆಯ ಬಾಡಿಗೆ. ಒಂದು ಕಡಿಮೆಯಾದರೂ ಒಂದು ಸೀಸನ್ ಕಾಯಿರಿ. ಕಾಯಿಸಿದ ತಂಡ ಮತ್ತೆ ಬರುತ್ತದೆ. ಸೇರಿಸಿಕೊಂಡು ಗೋಳಾಡಿಸಿದ ತಂಡ ಬರುವುದಿಲ್ಲ.

ಹನ್ನೆರಡಾದಾಗ ಬಲ ನೋಡಿ ವಿಭಾಗ ಮಾಡಿ. ತಂಡಗಳು ತಮ್ಮ ಬಗ್ಗೆ ಹೇಳಿಕೊಳ್ಳುವುದನ್ನು ನಂಬಬೇಡಿ; ಮೊದಲ ಮೂರು ವಾರ ಬೆರೆಸಿ ಆಡಿಸಿ, ಆಮೇಲೆ ಮೇಲಿನ ಆರು, ಕೆಳಗಿನ ಆರು. ಸೀಸನ್ ಮುಗಿದಾಗ ಒಂದು ತಂಡ ಮೇಲೆ, ಒಂದು ಕೆಳಗೆ. ಮೇಲಿನ ವಿಭಾಗದ ಆಟಗಾರರು ಕೆಳಗಿನ ವಿಭಾಗದಲ್ಲಿ ಬದಲಿಯಾಗಿ ಆಡಬಾರದು, ಮತ್ತು ಮೂರು ಲೀಗ್ ಪಂದ್ಯವಾದರೂ ಆಡಿರದವರು ಫೈನಲ್ ಸಂಜೆಗೆ ಇಳಿಯಬಾರದು. ಈ ಎರಡು ಸಾಲು ನಿಯಮ ಪುಸ್ತಕದಲ್ಲಿ ಇಲ್ಲದಿದ್ದರೆ ಹನ್ನೊಂದನೇ ಸಂಜೆ ಯಾರೂ ನೋಡಿರದ ಎಡಗೈ ಬೌಲರ್ ಒಬ್ಬರು ಎಲ್ಲಿಂದಲೋ ಬಂದಿಳಿಯುತ್ತಾರೆ.

ಹಾಲ್ ಬುಕಿಂಗ್ ನವೀಕರಣ ಮಾತ್ರ ಫೈನಲ್ ತನಕ ಕಾಯುವ ಕೆಲಸವಲ್ಲ. ಏಳನೇ ವಾರಕ್ಕೇ ಅದೇ ದಿನ, ಅದೇ ಹೊತ್ತನ್ನು ಮುಂದಿನ ಸೀಸನ್ನಿಗೆ ಕಾದಿರಿಸಿ. ವಾರದ ದಿನ ಬದಲಾದರೆ ಆರು ತಂಡಗಳಲ್ಲಿ ಒಂದೆರಡು ತಪ್ಪದೆ ಉದುರುತ್ತವೆ.